ಹಿಂದೆ ಕೂತವರ ಕೈ

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ನನಗೆ ಕಾರು ಕಲಿಸಿದ ಭಾಯ್ ಆಮೇಲೆ ಹಾರುವುದನ್ನೂ ಕಲಿಸಲು ಶುರು ಮಾಡಿದರು. ದೇವನಹಳ್ಳಿಯ ಆಕಾಶವೆಲ್ಲ ದೊಡ್ಡ ವಿಮಾನಗಳಿಗೆ ಮೀಸಲು. ನಮ್ಮ ಹಾರಾಟದ ಕ್ಲಬ್ಬಿನದು ದೊಡ್ಡಬಳ್ಳಾಪುರದಾಚೆಯ ಬಯಲು. ಮೂರು ಚಕ್ರದ ಗಾಡಿ, ಅದರ ಬೆನ್ನಿಗೊಂದು ಎಂಜಿನ್ನು, ಫ್ಯಾನು, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಕಲಿಯುವವರು ಮುಂದೆ, ಕಲಿಸುವವರು ಹಿಂದೆ; ರೆಕ್ಕೆಯ ಹಗ್ಗಗಳು ಇಬ್ಬರ ಕೈಗೂ ಸಿಗುತ್ತವೆ. ಬಲಗಡೆಯ ಹಗ್ಗ ಎಳೆದರೆ ಬಲಕ್ಕೆ, ಎಡಗಡೆಯದು ಎಳೆದರೆ ಎಡಕ್ಕೆ. ಇಷ್ಟೇ ವಿದ್ಯೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಆಗ ಇದ್ದದ್ದು ಒಂದೇ ಆಸೆ, ಒಬ್ಬಳೇ ಹಾರಬೇಕು.

"ನೀವು ರೆಡಿ ಟೀಚರಮ್ಮ. ನಿಮ್ಮ ಕೈಲಿ ಗಾಡಿ ಬೆಣ್ಣೆ ತರ ಹೋಗುತ್ತೆ," ಎನ್ನುತ್ತಿದ್ದರು ಭಾಯ್.

ಅಷ್ಟರಲ್ಲಿ ಕ್ಲಬ್ಬಿನಲ್ಲಿ ಹೊಸ ನಿಯಮ ಬಂತು. ಕಲಿಸುವವರಿಗೂ ಪರೀಕ್ಷೆಯಂತೆ. ಶಿಷ್ಯರನ್ನು ನೋಡಿ ಗುರುವನ್ನು ಅಳೆಯುತ್ತಾರಂತೆ. ಪರೀಕ್ಷೆ ಮಾಡಲು ಬಂದ ಹೆಂಗಸು ಭಾಯ್ ಅವರನ್ನು ಕೆಳಗಿಳಿಸಿ ತಾವೇ ನನ್ನ ಹಿಂದೆ ಕೂತರು.

"ಮೊದಲು ನೆಲದ ಮೇಲೆ ಓಡಿಸಿ ಮೇಡಂ. ನಾನು ಏನೂ ಮುಟ್ಟಲ್ಲ."

ಗಾಡಿ ಓಡಿತು, ರೆಕ್ಕೆ ಎದ್ದಿತು, ಎದ್ದದ್ದೇ ಎಡಕ್ಕೆ ವಾಲಿತು. ನಾನು ಅದನ್ನು ಎಳೆದೆ, ಇದನ್ನು ಎಳೆದೆ, ಕೊನೆಗೆ ಎರಡನ್ನೂ ಎಳೆದೆ. ಗಾಡಿ ನೇರ ಪಕ್ಕದ ರಾಗಿ ಹೊಲಕ್ಕೆ ನುಗ್ಗಿತು. ಆಕೆ ಎಂಜಿನ್ನು ಆರಿಸಿದರು. ರೆಕ್ಕೆ ಮೆಲ್ಲಗೆ ಬಂದು ನಮ್ಮಿಬ್ಬರ ಮೇಲೆ ಶಾಮಿಯಾನದಂತೆ ಮುಚ್ಚಿಕೊಂಡಿತು.

"ಇದನ್ನ ಯಾವತ್ತಾದ್ರೂ ನೀವೇ ಓಡಿಸಿದ್ದೀರಾ ಮೇಡಂ?" ಬಟ್ಟೆಯೊಳಗಿಂದ ಆಕೆ ಕೇಳಿದರು.

ಭಾಯ್ ಓಡಿ ಬಂದು ತಲೆ ತಗ್ಗಿಸಿ ನಿಂತರು. "ಕಲಿಸೋ ಕಾರಲ್ಲಿ ನನ್ನ ಕಾಲ ಹತ್ರಾನೂ ಒಂದು ಬ್ರೇಕು, ಒಂದು ಕ್ಲಚ್ಚು ಇರ್ತಿತ್ತಲ್ಲ. ಅದೇ ಅಭ್ಯಾಸ ಟೀಚರಮ್ಮ. ನೀವು ಎಳೆಯೋಕೆ ಮುಂಚೆ ಹಿಂದೆಯಿಂದ ನಾನೇ ಎಳೆದ್ಬಿಡ್ತಿದ್ದೆ. ಬಿದ್ದೋಗ್ತೀರಾ ಅಂತ ಭಯ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನಾನು ಬರೀ ಪ್ಯಾಸೆಂಜರು. ಭಾಯ್ ಮತ್ತೆ ಕಲಿತು ಪಾಸಾಗುವವರೆಗೆ ಕಲಿಸುವಂತಿಲ್ಲ ಎಂದಾಯಿತು. ವಾಪಸ್ ಬರುವಾಗ ನನ್ನ ಕಾರಿನಲ್ಲಿ ಪಕ್ಕದಲ್ಲಿ ಕೂತಿದ್ದ ಅವರು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. "ಕಾಲು ಮೇಲಿಡಿ," ಎಂದು ಗದರಿದೆ. ಪಾಪ, ವಿಜಯಪುರದವರೆಗೂ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡೇ ಬಂದರು.

ಭಾಯ್ ಪಾಸಾದರು. ನಾನೂ ನೆಲದ ಮೇಲಿನ ಪಾಠವನ್ನು ಮೊದಲಿನಿಂದ ಕಲಿತೆ. ಅಪಾಯ ಬಂದರಷ್ಟೇ ಹಿಂದೆ ಕೂತವರು ಹಗ್ಗ ಮುಟ್ಟಬೇಕು ಎನ್ನುವುದು ಈಗಿನ ಕಟ್ಟಪ್ಪಣೆ. ಒಂದು ಬೆಳಿಗ್ಗೆ ಭಾಯ್ ಅವರನ್ನು ಹಿಂದೆ ಕೂರಿಸಿಕೊಂಡು ಮೇಲೇರಿದಾಗ ಗಾಳಿ ಸ್ವಲ್ಪ ತಳ್ಳಿತು. ನನ್ನ ಜಂಬವೆಲ್ಲ ಇಳಿದುಹೋಯಿತು.

"ಭಾಯ್, ಒಂಚೂರು ಹಿಡ್ಕೊಳ್ಳಿ," ಎಂದೆ ಹೆಲ್ಮೆಟ್ಟಿನ ಮೈಕಿನಲ್ಲಿ.

"ಆಗಲ್ಲ ಟೀಚರಮ್ಮ. ಚೆನ್ನಾಗೇ ಹೋಗ್ತಿದೆ."

ನಂಬದೆ ತಿರುಗಿ ನೋಡಿದೆ. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು, ನನ್ನ ಕೈಯನ್ನೇ ನೋಡುತ್ತ, ಭಾಯ್ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದರು. ಮುಂದಕ್ಕೆ ತಿರುಗಿ ಬಲಗಡೆಯ ಹಗ್ಗ ಎಳೆದೆ. ಗಾಡಿ ಬಲಕ್ಕೆ ಹೋಯಿತು.