ಅಂಚಿನ ಸವೆದ ಜಾಗ

ಐವತ್ತರ ದಶಕದಲ್ಲಿ ನಾನು ಊರು ಬಿಟ್ಟು ಬಂದು ಪರೇಲಿನ ಒಂದು ಟೋಪಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ದಿನ ನಮ್ಮ ಮಂಗಳೂರು ಕಡೆಯ ಕ್ರೈಸ್ತ ಹೆಂಗಸು, ಬಾಯಮ್ಮ ಒಬ್ಬರು ಗಂಡನ ಬೂದು ಹ್ಯಾಟು ತಂದರು. ಅದರ ರಿಬ್ಬನ್ನಿನ ಗಂಟು ಪಕ್ಕದಲ್ಲಿರದೆ ಹಿಂದುಗಡೆ ಇತ್ತು. ಅಂಚಿಗೂ ಸುತ್ತ ಕಂದು ರೇಷ್ಮೆಪಟ್ಟಿ ಹೊಲಿದಿದ್ದರು. ಅಂಥದ್ದನ್ನು ನಾನು ನೋಡಿರಲಿಲ್ಲ. ನುಸಿ ತಿಂದ ರಿಬ್ಬನ್ನನ್ನಷ್ಟೇ ಬದಲಾಯಿಸಲು ಅವರು ಹೇಳಿದ್ದು. ಅಂಚಿನ ಪಟ್ಟಿಯೂ ಒಂದು ಕಡೆ ಸವೆದದ್ದು ಕಂಡು, ಉತ್ಸಾಹದಿಂದ ಅದನ್ನೂ ಕಿತ್ತು ಹೊಸದು ಹಾಕಿದೆ.

ಒಯ್ಯಲು ಬಂದವರು ಅಂಚಿನ ಮೇಲೆ ಬೆರಳಾಡಿಸಿ ಬಿಳಿಚಿಕೊಂಡರು.

"ಸವೆದ ಜಾಗ ಎಲ್ಲಿ ಮಾರಾಯ್ರೆ?"

"ಸರಿ ಮಾಡಿದೆ, ಬಾಯಮ್ಮ."

"ಅಯ್ಯೋ! ಅವರು ದಿನಾ ಕೆಲಸಕ್ಕೆ ಹೋಗುವಾಗ ಬೀದಿಯಲ್ಲಿ ನಿಂತು, ಅಲ್ಲಿಯೇ ಹಿಡಿದು ಹ್ಯಾಟು ಎತ್ತಿ, ಕಿಟಕಿಯಲ್ಲಿದ್ದ ನನ್ನನ್ನು ನೋಡ್ತಿದ್ದರು. ಹಡಗಿನ ಕೆಲಸಕ್ಕೆ ಹೋಗಿ ಮೂರು ವರ್ಷ ಆಯ್ತು, ಕಾಗದ ಸಹ ಇಲ್ಲ. ಈಗ ನಾನು ಅಲ್ಲಿ ಬೆರಳಿಟ್ಟು ಕೂತುಕೊಳ್ಳುವುದು."

ನಾನು ಕಸದ ಬುಟ್ಟಿ ನೆಲಕ್ಕೆ ಮಗುಚಿದೆ. ಚಿಂದಿಗಳ ನಡುವೆ ಹಳೆಯ ಪಟ್ಟಿ ಸಿಕ್ಕಿತು. ಸವೆತ ಎಲ್ಲಿತ್ತೆಂದು ಅವರಿಂದಲೇ ತೋರಿಸಿಕೊಂಡು, ಸರಿಯಾಗಿ ಅಲ್ಲಿಗೇ ಬರುವಂತೆ ಮತ್ತೆ ಹೊಲಿದೆ. ಮುಗಿಯುವವರೆಗೂ ಅವರು ಸ್ಟೂಲಿನಿಂದ ಏಳಲಿಲ್ಲ. ಹ್ಯಾಟು ಕೈಗೆ ಬಂದೊಡನೆ ಅವರ ಹೆಬ್ಬೆರಳು ತಾನಾಗಿ ಆ ಜಾಗ ಹುಡುಕಿಕೊಂಡಿತು.

ನನ್ನ ಹೆಂಡತಿಯೂ ಆಗ ಊರಲ್ಲಿ ಒಬ್ಬಳೇ ಇದ್ದಳು. ನಾನು ಬಿಟ್ಟುಬಂದ ಕೊಡೆ ಜೋಪಾನವಾಗಿದೆಯೇ ಎಂದು ಅವತ್ತೇ ಅವಳಿಗೆ ಕಾಗದ ಬರೆದೆ. ಉತ್ತರ ಬಂತು: ಕೊಡೆಯನ್ನು ಅವಳ ತಮ್ಮ ಒಯ್ದು ಆರು ತಿಂಗಳಾಗಿತ್ತಂತೆ.