ಅವ್ವನ ಹೊಸ ಮೂಳೆ

ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಆ ವರ್ಷ ನನ್ನ ಮೇಜಿನ ಮೇಲೆ ಎಲ್ಲರಿಗಿಂತ ಹೆಚ್ಚು ಸಲ ಮಲಗಿದವಳು ನನ್ನ ಅವ್ವ.

ಚಿಕ್ಕಂದಿನಲ್ಲಿ ಮೊಣಕಾಲ ಕೆಳಗಿನ ಮೂಳೆಗೆ ಕೀವು ಹಿಡಿದು ಅವಳ ಎಡಗಾಲು ಗಿಡ್ಡವಾಗಿಯೇ ಉಳಿದಿತ್ತು. ಹಿರಿಯೂರು ಹತ್ತಿರದ ಬಬ್ಬೂರು ಫಾರಂನಲ್ಲಿ ಕುಂಟುತ್ತಲೇ ಕಳೆ ತೆಗೆದು ನನ್ನನ್ನು ಓದಿಸಿದಳು. ಕಾಲು ಉದ್ದ ಮಾಡಬಹುದೆಂದು ನಮ್ಮ ಮೂಳೆ ಡಾಕ್ಟರು ಹೇಳಿದಾಗ ಹಿಂಜರಿದವಳು ನಾನು.

"ಸೊಂಟ ನೋವಿಲ್ದಂಗೆ ನಡೀಬೇಕು ಕಣೆ. ಮಾಡಿಸಾಣ," ಅಂದಳು ಅವ್ವ.

ಮೂಳೆ ಕತ್ತರಿಸಿ, ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಕೂರಿಸಿದರು. ದಿನವೂ ಅವುಗಳ ನಟ್ಟನ್ನು ಚೂರುಚೂರೇ ತಿರುಗಿಸಿದರೆ ಎರಡು ತುಂಡುಗಳು ದೂರ ಸರಿದು, ನಡುವಿನ ಸಂದಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಅದು ಹೇಗೆ ತುಂಬಿಕೊಳ್ಳುತ್ತದೆ ಎಂಬುದನ್ನು ಡಾಕ್ಟರು ರೋಗಿಗಳ ಚಿತ್ರಗಳಿಂದ ಅಧ್ಯಯನ ಮಾಡುತ್ತಿದ್ದರು. ಅವ್ವನೂ ಒಪ್ಪಿ ಸೇರಿಕೊಂಡಳು. ಹೋಲಿಸಿ ನೋಡಲು ಪ್ರತಿ ಸಲವೂ ಕಾಲು ಅದೇ ಕೋನದಲ್ಲಿರಬೇಕು. ಪಾದಕ್ಕೆ ಮರಳಿನ ಚೀಲ ಆನಿಸಿ, ಅವಳು ಬೈಯುವವರೆಗೂ ಸರಿಮಾಡುತ್ತಿದ್ದೆ.

ಒಂದು ಸಲ ಎಕ್ಸ್‌ರೇಯಲ್ಲಿ ಸಂದು ಪೂರ್ತಿ ಕಪ್ಪಾಗಿಯೇ ಇತ್ತು; ಮೂಳೆಯಿದ್ದರೆ ಬೆಳ್ಳಗೆ ಕಾಣಬೇಕಿತ್ತು. ಅವ್ವ ನನ್ನ ಮುಖ ನೋಡಿದಳು.

"ಬೆಳ್ದಿಲ್ಲ, ಅಲ್ವೇನೇ?"

"ಇಲ್ಲವ್ವ," ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮೂಳೆ ತುಂಬಿಕೊಳ್ಳಲೆಂದು ಡಾಕ್ಟರು ಕೆಲವು ದಿನ ನಟ್ಟು ತಿರುಗಿಸುವುದು ಬೇಡವೆಂದರು. ಅವ್ವ ಊಟ ಕಡಿಮೆ ಮಾಡಿದಳು, ಮಾತೂ ಕಡಿಮೆಯಾಯಿತು. ಮುಂದಿನ ಸಲ ಡಾಕ್ಟರು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದರು. ಎಕ್ಸ್‌ರೇಗಿಂತ ಮೊದಲೇ ಅದರಲ್ಲಿ ಹೊಸ ಮೂಳೆ ಕಾಣುತ್ತದಂತೆ.

"ಇಲ್ನೋಡ್ರಮ್ಮ, ಬೆಳ್ಳಗೆ ಚುಕ್ಕಿ ಚುಕ್ಕಿ. ಮೂಳೆ ಶುರುವಾಗೈತೆ."

ಅವ್ವ ಪರದೆಯನ್ನು ಬಹಳ ಹೊತ್ತು ನೋಡಿದಳು. "ಇಷ್ಟು ವಯಸ್ಸಾದ್ಮೇಲೂ ನನ್ ಮೈ ಕೆಲ್ಸ ಮಾಡ್ತೈತೆ ನೋಡು," ಅಂದಳು. ಆಮೇಲೆ ನನ್ನ ಎಕ್ಸ್‌ರೇಯಲ್ಲೂ ಎರಡೂ ಕಡೆಯಿಂದ ಬಿಳಿ ಎಳೆಗಳು ಚಾಚಿದವು, ಕೂಡಿದವು, ಗಟ್ಟಿಯಾದವು. ಬಳೆಗಳನ್ನು ಬಿಚ್ಚಿದರು.

ಅವಳು ಚೆನ್ನಾಗಿ ನಡೆಯತೊಡಗಿದ ಮೇಲೆ ಚಿತ್ರದುರ್ಗದಲ್ಲೇ ವೈದ್ಯರ ಸಭೆಯೊಂದು ನಡೆಯಿತು. ಡಾಕ್ಟರು ನಮ್ಮಿಬ್ಬರನ್ನೂ ಕರೆದಿದ್ದರು. ರೋಗಿಯ ಹೆಸರು ಹೇಳದೆ ಅವ್ವನ ಕಾಲಿನ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿ, "ಒಂದರಲ್ಲೂ ಕೋನ ತಪ್ಪಿಲ್ಲ. ಅದಕ್ಕೇ ಬೆಳವಣಿಗೆ ಇಷ್ಟು ಸ್ಪಷ್ಟವಾಗಿದೆ," ಎಂದರು. ಅವ್ವ ಎದ್ದು ನಿಂತಳು.

"ಆ ಕಾಲು ನಂದು ಸ್ವಾಮಿ. ಫೋಟೋ ತೆಗ್ದೋಳು ನನ್ ಮಗಳು."

ಯಾರೂ ಕರೆಯದಿದ್ದರೂ ಕುಂಟದೆ, ಎರಡೂ ಹಿಮ್ಮಡಿ ಊರಿ ವೇದಿಕೆಯವರೆಗೆ ನಡೆದು ತೋರಿಸಿ ಬಂದಳು. ಚಪ್ಪಾಳೆ ತಟ್ಟಿದರು.

ಊರಿಗೆ ಹೊರಟ ಹಿರಿಯೂರು ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಅರ್ಧ ದಾರಿಯ ಐಮಂಗಲ ಬರುವವರೆಗೂ ಇದನ್ನೇ ಹೇಳಿದಳು. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಸಾಕು ಅನ್ನಲಿಲ್ಲ, ಕೇಳುತ್ತಾ ಕುಳಿತೆ.