ದವಾಖಾನಿ ಬಾಯಿಯ ಗುಡ್ಡದ ಹಾದಿ

ಅಕ್ಕನ ಅಂಗೈಗಳಲ್ಲಿ, ಚರ್ಮದ ಒಳಗೆ, ಸಾಸಿವೆ ಕಾಳಿನಂಥ ಸಣ್ಣ ಕಲ್ಲುಗಳಿದ್ದವು. ಸೈಕಲ್ ಕಲಿಯುವಾಗ ಗರಸುಕಲ್ಲಿನ ಹಾದಿಯ ಮೇಲೆ ಬಿದ್ದು ಬಿದ್ದು ಒಳಸೇರಿದವು. ಮೇಲೆ ಚರ್ಮ ಕೂಡಿಕೊಂಡು ಅಲ್ಲೇ ಉಳಿದುಬಿಟ್ಟಿದ್ದವು. ಹೆರಿಗೆಗೆ ಮೊದಲು ಸಾಬೂನು ಹಚ್ಚಿ ಮೊಳಕೈವರೆಗೆ ಕೈ ತೊಳೆಯುವಾಗ ಅವು ಕಪ್ಪಗೆ ಕಾಣುತ್ತಿದ್ದವು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಲಸು ಎಂದುಕೊಂಡು, "ಅಕ್ಕಾ, ಇನ್ನಾ ಹೋಗಿಲ್ಲರಿ" ಎಂದೆ.

"ಅವು ಹೋಗಂಗಿಲ್ಲ ತಂಗಿ. ನನ್ನ ಸಂಗಟನೇ ಮಣ್ಣಿಗೆ ಬರ್ತಾವ" ಎಂದು ಅಕ್ಕ ನಕ್ಕರು.

ಜಹೀರಾಬಾದಿನಿಂದ ನಾರಾಯಣಖೇಡಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ನಮ್ಮ ಹೆರಿಗೆ ಕೇಂದ್ರವಿತ್ತು. ಎರಡು ಕೋಣೆ, ಒಂದು ಬೇವಿನ ಗಿಡ. ಅಕ್ಕ ಅಲ್ಲಿಯ ಸೂಲಗಿತ್ತಿ ನರ್ಸು, ನಾನು ಕೈಕೆಳಗಿನವಳು. ನಾನು ತಾಂಡೂರಿನವಳು, ಅಪ್ಪ ರೈಲ್ವೆಯಲ್ಲಿದ್ದರು. ಅಕ್ಕ ಕೊಹೀರ್ ಕಡೆಯ ಒಕ್ಕಲು ಮನೆಯವರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದು, ಅಣ್ಣಂದಿರ ಮಾತು ಮೀರಿ ತರಬೇತಿಗೆ ಹೋದವರು. ಕೋಪ ಜಾಸ್ತಿ. ಬೇನೆ ತಿನ್ನುವ ಹೆಂಗಸರನ್ನೂ ಬೈಯುತ್ತಿದ್ದರು. ಕೂಸು ಹೊರಗೆ ಬಂದ ಮೇಲೆ ಅದೇ ಹೆಂಗಸಿನ ತಲೆ ಬಾಚಿ ಹೆರಳು ಹಾಕುತ್ತಿದ್ದರು.

ನಮ್ಮ ಪಾಲಿಗೆ ಬಂದ ಹಳ್ಳಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ ಅರ್ಧದಷ್ಟು ಗುಡ್ಡದ ಹಿಂದೆ ಇದ್ದವು. ಡಾಂಬರು ರಸ್ತೆ ಹಿಡಿದರೆ ಗುಡ್ಡವನ್ನೇ ಸುತ್ತಬೇಕು. ಸೈಕಲ್ ಮೇಲೆ ಹೆಂಗಸನ್ನು ಕಂಡರೆ ಲಾರಿಯವರು ಹಾರ್ನ್ ಹೊಡೆಯುತ್ತ ಬೆನ್ನಿಗೇ ಬರುತ್ತಿದ್ದರು. ಕ್ಲೀನರುಗಳ ಬಾಯಿಯಂತೂ ಕೇಳುವ ಹಾಗಿರಲಿಲ್ಲ. ಇನ್ನೊಂದು ಹಾದಿ ಅಡವಿಯೊಳಗಿನದು. ಹಿಂದೆ ಜಾಗೀರದಾರರು ಬೇಟೆಗೆ ಹೋಗಲು ಮಾಡಿಸಿದ್ದು ಎನ್ನುತ್ತಿದ್ದರು. ಜಾಗೀರು ಹೋಯಿತು, ಹಾದಿಯನ್ನು ಕೇಳುವವರೂ ಹೋದರು. ಹಳ್ಳಗಳು ಅದನ್ನು ಅಲ್ಲಲ್ಲಿ ಕಡಿದುಹಾಕಿದ್ದರಿಂದ ಯಾವ ಮೋಟಾರೂ ಅತ್ತ ಸುಳಿಯುತ್ತಿರಲಿಲ್ಲ. ಬೀಡಿ ಎಲೆ ಕೀಳುವ ಹೆಂಗಸರು, ದನ ಕಾಯುವವರು ಮತ್ತು ಅಕ್ಕ, ಇಷ್ಟೇ ಜನ. ಎರಡೂ ಕಡೆ ಸಾಗವಾನಿ, ಮುತ್ತುಗ, ಸೀತಾಫಲದ ಪೊದೆ. ನೆಲವೆಲ್ಲ ಕೆಂಪು ಗರಸು.

ಅಕ್ಕ ಸೀರೆಯನ್ನು ಕಚ್ಚೆ ಹಾಕಿ, ಹಿಂದಿನ ಕ್ಯಾರಿಯರಿಗೆ ಹೆರಿಗೆ ಪೆಟ್ಟಿಗೆ ಬಿಗಿದು ಹೊರಡುತ್ತಿದ್ದರು. ನನಗೂ ಸೈಕಲ್ ಕಲಿಸಿದ್ದು ಅದೇ ಹಾದಿಯಲ್ಲಿ. "ಗಾಲಿ ನೋಡಬ್ಯಾಡ. ಗಾಲಿ ನೋಡಿದಾಕಿ ಬಿದ್ದಳು. ಮುಂದಿನ ಗಿಡಾ ನೋಡು" ಎನ್ನುತ್ತಿದ್ದರು. "ಗರಸಿನ್ಯಾಗ ಮುಂದಿನ ಬ್ರೇಕ್ ಹಿಡದ್ರ ಹಲ್ಲು ಆರಿಸ್ಕೋಬೇಕಾಗ್ತದ." ಆದರೆ ತಾವೇ ಇಳಿಜಾರಿನಲ್ಲಿ ಎರಡೂ ಬ್ರೇಕ್ ಬಿಟ್ಟುಬಿಡುತ್ತಿದ್ದರು. ತಲೆಯ ಮೇಲಿನ ಸೆರಗು ಹಾರಿ ಹೋಗುತ್ತಿತ್ತು. ಕೆಳಗೆ ಹೋಗಿ ನಿಂತು, ಏದುಸಿರು ಬಿಡುತ್ತ, ನಾನು ಬರುವವರೆಗೆ ಕಾಯುತ್ತಿದ್ದರು. ಒಮ್ಮೆ ಹಾಗೆ ನಿಂತಾಗ ಹೇಳಿದರು: "ಈ ಹಾದಿ ಮ್ಯಾಲ ನಾ ಯಾರ ಹೆಂಡ್ತೀನೂ ಅಲ್ಲ, ಯಾರ ಮನಿ ಬಂಜೀನೂ ಅಲ್ಲ."

ಹಾದಿಯ ಕೊನೆಗೆ, ದೊಡ್ಡ ಹಳ್ಳದ ಆಚೆ, ಒಂದು ತಾಂಡಾ. ಅಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿಯೊಬ್ಬಳಿದ್ದಳು. ಮೊದಲು ಹೋದಾಗ ಆಕೆ ಅಕ್ಕನ ಮೇಲೆ ನಾಯಿ ಛೂ ಬಿಟ್ಟಿದ್ದಳಂತೆ. ಮುಂದೆ ಆಕೆಯ ಹಿರಿಯ ಸೊಸೆಗೇ ಕೂಸು ಅಡ್ಡಲಾಗಿ, ಅಕ್ಕ ತಾಯಿ ಮಗು ಇಬ್ಬರನ್ನೂ ಉಳಿಸಿದ ಮೇಲೆ, ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ತಿನ್ನುವಷ್ಟು ಗೆಳತಿಯರಾದರು. ಹಳ್ಳದ ಮರಳಿನಲ್ಲಿ ಅಕ್ಕನ ಗಾಲಿ ಹೂಳುತ್ತದೆಂದು ತಾಂಡಾದ ಗಂಡಸರು ಚಪ್ಪಡಿ ಕಲ್ಲಿನ ಚೂರುಗಳನ್ನು ಈ ದಂಡೆಯಿಂದ ಆ ದಂಡೆಗೆ ಒಂದೇ ಸಾಲಾಗಿ ಜೋಡಿಸಿದ್ದರು. ಒಂದು ಸೈಕಲ್ಲಿಗೆ ಸಾಕಾಗುವಷ್ಟು ಅಗಲ. "ದವಾಖಾನಿ ಬಾಯಿ ಬಂದಳು" ಎಂದು ಮಕ್ಕಳು ಆ ಕಲ್ಲುಗಳ ಮೇಲೆ ಓಡಿ ಬರುತ್ತಿದ್ದವು. ಅಕ್ಕನಿಗೆ ಇದರ ಹೆಮ್ಮೆ ಇತ್ತು. "ನಾ ಒಂದ ಮಾತ ಹೇಳಿದ್ರ ಆ ತಾಂಡಾದಾಗ ಮುಗೀತು" ಎನ್ನುತ್ತಿದ್ದರು. ಆ ಮಾತನ್ನು ಯಾರ ಮುಂದೆಯೂ ಹೇಳಬಾರದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಆಮೇಲೆ ತುರ್ತು ಪರಿಸ್ಥಿತಿಯ ದಿನಗಳು ಬಂದವು. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಇಷ್ಟಿಷ್ಟು ಗಂಡಸರನ್ನು ತನ್ನಿ ಎಂದು ಮೇಲಿನವರು ಎಲ್ಲರ ಬೆನ್ನು ಹತ್ತಿದರು. ಹೊಸದಾಗಿ ಬಂದಿದ್ದ ಒಬ್ಬ ಸಾಹೇಬರು ನಮ್ಮ ಕೇಂದ್ರಕ್ಕೆ ಬಂದು, ಬೇವಿನ ನೆರಳಿನಲ್ಲಿ ಕೂತು, ಬಹಳ ಸಮಾಧಾನದಿಂದ ಮಾತಾಡಿದರು. ಗುಡ್ಡದ ಹಿಂದಿನ ಮಕ್ಕಳಿಗೆ ಸೂಜಿ ಹಾಕುವ, ಮುದುಕರ ಕಣ್ಣು ನೋಡುವ ಕ್ಯಾಂಪ್ ಮಾಡಬೇಕೆಂದಿದ್ದೇನೆ, ಜೀಪು ಹೋಗುವ ಹಾಗೆ ಹಾದಿಯ ಹಳ್ಳಗಳನ್ನು ತುಂಬಿಸಿದರೆ ಡಾಕ್ಟರನ್ನೇ ಕರೆತರುತ್ತೇನೆ ಎಂದರು. ಅಲ್ಲಿಗೆ ಡಾಕ್ಟರನ್ನು ಕಳಿಸಿ ಎಂದು ಅಕ್ಕ ವರ್ಷಗಟ್ಟಲೆ ಬೇಡಿಕೊಂಡಿದ್ದರು. ಅವರ ಮುಖ ಅರಳಿತು.

"ಅವರು ತುಂಬತಾರ್ರಿ. ನಾ ಹೇಳ್ತೀನಿ" ಎಂದರು.

ತಾಂಡಾದವರು ತುಂಬಿದರು. ಗಂಡಸರು ಕಲ್ಲು ಹೊತ್ತರು, ಹೆಂಗಸರು ಬುಟ್ಟಿಯಲ್ಲಿ ಗರಸು ತಂದು ಸುರಿದರು. ಅಕ್ಕನೂ ಕಚ್ಚೆ ಬಿಗಿದು ಬುಟ್ಟಿ ಹೊತ್ತರು. ಮುದುಕಿಯ ಕಿರಿಯ ಮಗ ಅದೇ ಬೇಸಿಗೆಯಲ್ಲಿ ಮದುವೆಯಾದವನು. ಎಲ್ಲರಿಗಿಂತ ಹೆಚ್ಚು ದುಡಿದವನು ಅವನೇ.

ಕ್ಯಾಂಪಿನ ದಿನ ಬೆಳಗ್ಗೆ ಅಕ್ಕ ಸೈಕಲ್ ಮೇಲೆ ಮುಂದೆ, ಹಿಂದೆ ಜೀಪು, ಅದರ ಹಿಂದೆ ಮುಚ್ಚಿದ ವ್ಯಾನು. ನಾನು ಎಲ್ಲರಿಗಿಂತ ಹಿಂದೆ, ಧೂಳಿನಲ್ಲಿ. ಪ್ರತಿ ತಿರುವಿನಲ್ಲೂ ಅಕ್ಕ ಹಿಂತಿರುಗಿ, ಹೀಗೆ ಬನ್ನಿ ಎಂದು ಕೈ ಮಾಡುತ್ತಿದ್ದರು. ತಾಂಡಾದವರು ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿ ನಿಲ್ಲಿಸಿದ್ದರು. ಮುದುಕಿಯ ಕಿರಿಯ ಮಗ ಓಡಿ ಬಂದು ಅಕ್ಕನ ಸೈಕಲ್ ಹಿಡಿದುಕೊಂಡ. ಆಗ ವ್ಯಾನಿನ ಬಾಗಿಲು ತೆಗೆದು ಪೊಲೀಸರು ಇಳಿದರು.

ಗಂಡಸರು ಗುಡ್ಡದ ಕಡೆ ಓಡಿದರು. ಅವನೂ ಸೈಕಲ್ ಬಿಟ್ಟು ಓಡಲು ಹೊರಟ. ಅಕ್ಕನಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. "ಹೆದರಬ್ಯಾಡೋ, ನಿಲ್ಲು. ನಾ ಇದ್ದೀನಲ್ಲ" ಎಂದರು. ಅವನು ನಿಂತ.

ಅವನನ್ನೂ, ಓಡಲಾಗದ ಇನ್ನು ಕೆಲವರನ್ನೂ ವ್ಯಾನಿಗೆ ತುಂಬಿದರು. ಅಕ್ಕ ಜೀಪಿನ ಮುಂದೆ ನಿಂತು, "ಇವನ ಮದಿವಿ ಈಗ ಆಗ್ಯಾದರಿ. ಒಂದ ಕೂಸೂ ಇಲ್ಲರಿ. ಇವನಿಗಿ ಇಳಸ್ರಿ" ಎಂದು ಕೇಳಿಕೊಂಡರು. ಸಾಹೇಬರು ನಗುತ್ತಲೇ, "ಎಲ್ಲಾ ಕೇಸು ನಿಮ್ಮ ಹೆಸರಿಗೇ ಬರಿಸ್ತೀನಿ ಬಾಯಿ, ಬಾಜೂ ಸರೀರಿ" ಎಂದರು. ಮುದುಕಿ ಅಕ್ಕನನ್ನೇ ನೋಡುತ್ತಿದ್ದಳು. ಅಕ್ಕ ವ್ಯಾನಿನ ಹಿಂದೆ ಸೈಕಲ್ ಹೊಡೆದುಕೊಂಡು ಆಸ್ಪತ್ರೆಯವರೆಗೂ ಹೋದರು. ಅವರು ಮುಟ್ಟುವ ಹೊತ್ತಿಗೆ ಆಪರೇಷನ್ನುಗಳೆಲ್ಲ ಮುಗಿದಿದ್ದವು.

ಮುಂದಿನ ಸಲ ನಾವಿಬ್ಬರೂ ಹೋದಾಗ ಹಳ್ಳದ ತುಂಬುಗೆಯನ್ನು ಅಗೆದು ಹಾಕಿದ್ದರು. ಹಳೆಯ ಚಪ್ಪಡಿ ಸಾಲೂ ಇರಲಿಲ್ಲ. ಆಚೆ ದಂಡೆಗೆ ಜಾಲಿಮುಳ್ಳು ಒಟ್ಟಿದ್ದರು. ಮುದುಕಿ ಅದರ ಹಿಂದೆ ಬಂದು ನಿಂತಳು.

"ಅವ್ವಾ, ನನಗ ಗೊತ್ತಿರ್ಲಿಲ್ಲ" ಎಂದರು ಅಕ್ಕ.

"ಇರ್ಲಿಕ್ಕಿಲ್ಲ" ಎಂದಳು ಮುದುಕಿ. "ಆದ್ರ ಇನ್ನ ಮ್ಯಾಲ ನೀ ಬರಬ್ಯಾಡ. ನಿನ್ನ ಸೈಕಲ್ ಹಿಂದ ಏನ ಬರ್ತದೋ ನಮಗ ತಿಳಿಯಂಗಿಲ್ಲ."

ಆ ಮಳೆಗಾಲದಲ್ಲಿ ಮುದುಕಿಯ ಹಿರಿಯ ಸೊಸೆ ಮತ್ತೆ ಬಸಿರಾಗಿದ್ದವಳು ಹೆರಿಗೆಯಲ್ಲಿ ಸತ್ತಳು. ಕೂಸೂ ಉಳಿಯಲಿಲ್ಲ. ಅಕ್ಕನನ್ನು ಕರೆಯಲು ಯಾರೂ ಬಂದಿರಲಿಲ್ಲ. ಎಲೆ ಕೀಳುವ ಹೆಂಗಸರು ಬಂದು ಹೇಳಿದಾಗ ಅಕ್ಕ ಸ್ಟೋವಿನ ಮುಂದೆ ಕೂತಿದ್ದರು. ನೀರು ಕುದಿದು ಬತ್ತಿಹೋಗಿ ಪಾತ್ರೆ ಸೀದರೂ ಏಳಲಿಲ್ಲ.

ಜಹೀರಾಬಾದಿನಲ್ಲಿ ಮೇಲಿನವರು ಒಂದು ಸಭೆ ಮಾಡಿ ಅಕ್ಕನಿಗೆ ಹಾರ ಹಾಕಿದರು. ಮೋಟಾರೇ ಹೋಗದ ಕಡೆಗೆ ಹಾದಿ ಮಾಡಿಸಿದವರು ಎಂದು ಹೊಗಳಿದರು. ಅಕ್ಕ ಮೈಕಿನ ಮುಂದೆ ನಿಂತು, "ಹಾದಿ ಮಾಡಿದವರು ಅವರು. ಅವರ ಮನಿ ಹಾಳ ಮಾಡಾಕ ಅದೇ ಹಾದಿ ಹಿಡಿದು ಹೋಗೀರಿ" ಎಂದರು. ಯಾರೋ ಮೈಕ್ ಬಂದ್ ಮಾಡಿದರು. ಆ ತಿಂಗಳೇ ಅಕ್ಕನನ್ನು ತಾಂಡೂರಿಗೆ ವರ್ಗ ಮಾಡಿದರು.

ಹೊರಡುವ ದಿನ ಸೈಕಲ್ಲನ್ನು ನನಗೆ ಕೊಟ್ಟರು. ನಾನು ಬೇಡವೆಂದರೆ, "ಒಯ್ಯಿ. ನನಗ ಅದರ ಮ್ಯಾಲ ಕೂಡಾಕ ಆಗವಲ್ದು" ಎಂದರು.

ತಾಂಡೂರಿನಲ್ಲಿ ಅವರಿದ್ದ ಓಣಿಯ ಮುಂದೆ ಹಗಲೆಲ್ಲ ಕಲ್ಲಿನ ಲಾರಿಗಳು. ಮನೆಯ ಹೊಸ್ತಿಲು, ಕೊಡ, ಒಣಹಾಕಿದ ಸೀರೆ, ಎಲ್ಲದರ ಮೇಲೂ ಬಿಳಿ ಧೂಳು. ತವರಿಗೆ ಹೋದಾಗಲೆಲ್ಲ ನಾನು ಕಂಡು ಬರುತ್ತಿದ್ದೆ. ಬೈಯುವುದನ್ನು ಬಿಟ್ಟಿದ್ದರು. ಅದನ್ನು ನೋಡಿಯೇ ನನಗೆ ಹೆದರಿಕೆಯಾಗುತ್ತಿತ್ತು. ಕೆಲವು ವರ್ಷಗಳ ಮೇಲೆ ಕಾಮಾಲೆ ಬಂದು ಅಲ್ಲಿಯ ಆಸ್ಪತ್ರೆಯಲ್ಲೇ ತೀರಿಕೊಂಡರು. ನಾನು ಹತ್ತಿರವಿದ್ದೆ. ಕೊನೆಯ ದಿನ ಕಣ್ಣು ತೆರೆದು, ನಾನೆಂದು ಗುರುತು ಹಿಡಿದು, "ಓಡತಿದ್ದ ಅವ. ನಿಲ್ಲು ಅಂದಾಕಿ ನಾ" ಎಂದರು. ಅಕ್ಕನ ತವರಿನಿಂದ ಒಬ್ಬ ಅಣ್ಣ ಬಂದು, ಮಣ್ಣು ಕೊಟ್ಟು, ಅದೇ ಸಂಜೆಯ ಬಸ್ಸಿಗೆ ಹೋದ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ತಾಂಡಾದವರು ನನ್ನನ್ನು ಒಳಗೆ ಬಿಡತೊಡಗಿದ್ದರು, ಆದರೆ ಸೈಕಲ್ ಇಲ್ಲದೆ, ನಡೆದು ಬಂದರೆ ಮಾತ್ರ. ಅಕ್ಕ ಹೋದ ಸುದ್ದಿ ಹೇಳಲು ನಡೆದೇ ಹೋದೆ. ಮುದುಕಿ ಆಗಲೇ ತೀರಿಹೋಗಿದ್ದಳು. ಆ ಕಿರಿಯ ಮಗ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಅವನನ್ನು ಬಿಟ್ಟಿರಲಿಲ್ಲ. ನನಗೆ ನೀರು ತಂದುಕೊಟ್ಟಳು. ಸುದ್ದಿ ಕೇಳಿ ಅವನು ಕೈಯಲ್ಲಿದ್ದ ಎಳೆ ಮುಗಿಯುವವರೆಗೆ ಹಗ್ಗ ಹೊಸೆದ.

"ಕೆಟ್ಟಾಕಿ ಅಲ್ಲ ಆಕಿ" ಎಂದ ಕೊನೆಗೆ. "ಆದ್ರ ಜೀಪಿನ ಮುಂದ ಇದ್ದಾಕಿ ಆಕೀನೇ."

ಒಳಗಿನಿಂದ ಒಬ್ಬ ಬಸುರಿಯನ್ನು ಕರೆತಂದು ಕೂರಿಸಿದರು. ಅಕ್ಕ ಕಲಿಸಿದಂತೆ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವಳ ಹೊಟ್ಟೆ ಮುಟ್ಟಿ ನೋಡಿದೆ. ಕೂಸಿನ ತಲೆ ಕೆಳಗೆ, ಸರಿಯಾದ ಕಡೆಗೇ ಇತ್ತು. "ಯಾರ ಹತ್ರ ಕಲ್ತೀರಿ ಬಾಯಿ?" ಎಂದು ಹುಡುಗಿ ಕೇಳಿದಳು. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಆ ಅಂಗಳದಲ್ಲಿ ಅಕ್ಕನ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಆ ತಾಂಡಾದಲ್ಲಿ ನನ್ನ ಕೈಯಲ್ಲಿ ಎಷ್ಟೋ ಮಕ್ಕಳು ಹುಟ್ಟಿದವು. ಒಂದರ ತಾಯಿಗೂ ಆ ಹೆಸರು ಹೇಳಲಿಲ್ಲ.